ಪದಚರ್ಚೆ: ಕರ್ತನ ಪ್ರಾರ್ಥನೆಯ ‘ಶೋಧನೆ’ಗೆ ‘ಪ್ರಲೋಭನೆ’ ಸಮವೇ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ನಮ್ಮ ಸಭೆಯ (ಚರ್ಚಿನ) ಹುಡುಗರು ಸಂಡೇ ಸ್ಕೂಲ್ ಮಕ್ಕಳಿಗೆ ಅಂತ ಚಿಕ್ಕದೊಂದು ಪ್ರಾರ್ಥನಾ ಪುಸ್ತಕ ಮಾಡುತ್ತಿದ್ದಾರೆ. ಕರಡು ನೋಡಿಕೊಡಿ ಅಂತ ನನ್ನ ಕೈಗೆ ಕೊಟ್ಟರು. ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯ ಕೊನೆಯ ಬೇಡಿಕೆ ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಹೀಗಿದೆ: “ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು.” ಹುಡುಗರು ‘ಶೋಧನೆ’ ತೆಗೆದು ‘ಪ್ರಲೋಭನೆ’ ಹಾಕಿದ್ದಾರೆ. ಯಾಕಪ್ಪಾ ಅಂದರೆ, “ಶೋಧ ಅಂದ್ರೆ ಹುಡುಕೋದು ಅಲ್ವಾ ಅಂಕಲ್? ಪೊಲೀಸರು ಶೋಧ ಕಾರ್ಯ ನಡೆಸ್ತಾರೆ. ಮಕ್ಕಳಿಗೆ ಏನು ಅರ್ಥ ಆಗುತ್ತೆ?” ಅಂದರು.

ಪೇಪರಿನ ಕನ್ನಡದಲ್ಲಿ ಅವರು ಹೇಳಿದ್ದು ಸರಿ. ಶೋಧ, ಸಂಶೋಧನೆ ಎಲ್ಲ ಹುಡುಕಾಟದ ಕಡೆಗೇ ವಾಲಿವೆ. ಆದರೆ ಅಡುಗೆಮನೆಗೆ ಬನ್ನಿ, ಕಷಾಯ ಕುದಿಸಿ ಬಟ್ಟೆಯಲ್ಲಿ ಶೋಧಿಸಿಕೊಳ್ಳಿ ಅಂತಲೇ ಹೇಳುತ್ತಾರೆ. ಆಯುರ್ವೇದದಲ್ಲಿ ವಾಂತಿ, ಭೇದಿ ಮಾಡಿಸಿ ಮೈ ತೊಳೆಯುವುದಕ್ಕೆ ಶೋಧನ ಚಿಕಿತ್ಸೆ ಅಂತಲೇ ಹೆಸರು. ಮೂಲ ಸಂಸ್ಕೃತದ ಧಾತು ಶುದ್ಧಿಯದ್ದು, ಹುಡುಕಾಟ ಆಮೇಲೆ ಸೇರಿಕೊಂಡಿದ್ದು.

ಇನ್ನು ಸಭೆಯೊಳಗಿನ ಬಳಕೆಯೇ ಬೇರೆ. ನನಗೆ ಮುಖ್ಯ ಅನ್ನಿಸುವುದು ಅದೇ. ಮನೆ ಪ್ರಾರ್ಥನೆಗೆ ಹೋಗಿ ಕೂತರೆ ಈ ಪದ ಹತ್ತು ಸಲ ಕಿವಿಗೆ ಬೀಳುತ್ತದೆ. ಮಗನ ಕೆಲಸ ಹೋಯಿತು, ಅದರ ಬೆನ್ನಿಗೇ ಗಂಡನಿಗೆ ಆಪರೇಷನ್: “ಶೋಧನೆ ಮೇಲೆ ಶೋಧನೆ ಅಯ್ಯನವರೇ, ಪ್ರಾರ್ಥನೆ ಮಾಡಿ.” ಇಲ್ಲಿ ಶೋಧನೆ ಅಂದರೆ ಕಷ್ಟ, ನಂಬಿಕೆಯನ್ನು ಅಲ್ಲಾಡಿಸುವ ಕಷ್ಟ. ಕುಡಿತ ಬಿಟ್ಟವನು ಸಭೆಯ ಮುಂದೆ ತನ್ನ ಅನುಭವದ ಸಾಕ್ಷಿ ಹೇಳಲು ಎದ್ದು ನಿಂತರೆ ಅವನ ಬಾಯಲ್ಲೂ ಅದೇ ಪದ: ಸಂಜೆ ಆದರೆ ಶೋಧನೆ ಶುರುವಾಗುತ್ತದೆ, ಆ ಹೊತ್ತಿಗೆ ಮೊಣಕಾಲೂರುತ್ತೇನೆ ಅಂತ. ಅಲ್ಲಿ ಅದು ಆಸೆಯ ಸೆಳೆತ. ಒಂದೇ ಪದ ಎರಡನ್ನೂ ಹೊರುತ್ತದೆ, ಕೇಳುವವರಿಗೆ ಗೊಂದಲವೂ ಇಲ್ಲ. ಗ್ರೀಕ್ ಮೂಲದ ‘ಪೈರಾಸ್ಮೊಸ್’ ಕೂಡ ಹೀಗೇ: ಪರೀಕ್ಷೆಯೂ ಹೌದು, ಸೆಳೆತವೂ ಹೌದು. ‘ಪ್ರಲೋಭನೆ’ ಹಾಕಿದರೆ ಕುಡಿತ ಬಿಟ್ಟವನ ಪ್ರಾರ್ಥನೆ ಉಳಿಯುತ್ತದೆ, ಆಸ್ಪತ್ರೆ ಮೆಟ್ಟಿಲ ಮೇಲೆ ಕೂತ ಹೆಂಗಸಿನ ಪ್ರಾರ್ಥನೆ ಬಿಟ್ಟುಹೋಗುತ್ತದೆ. ಅವಳಿಗೆ ಯಾವ ಪ್ರಲೋಭನೆ ಇದೆ ಹೇಳಿ?

ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಆಡಿದ ಮಾತನ್ನೂ ನೋಡಬೇಕು. ಯೇಸು ನಿದ್ದೆಗಣ್ಣಿನ ಶಿಷ್ಯರಿಗೆ, ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿ ಅನ್ನುತ್ತಾನೆ (ಮತ್ತಾಯ 26:41). ಆ ರಾತ್ರಿ ಅವರ ಮುಂದೆ ಇದ್ದದ್ದು ಲೋಭದ ವಸ್ತು ಅಲ್ಲ, ಪ್ರಾಣಭಯ. ಶಿಷ್ಯ ಪೇತ್ರ ಯೇಸುವಿನ ಬಗ್ಗೆ ‘ಅವನನ್ನು ನಾನು ಅರಿಯೆ’ ಅಂದದ್ದು ಆಸೆಯಿಂದಲ್ಲ, ಹೆದರಿಕೆಯಿಂದ. ಪ್ರಾರ್ಥನೆಗೆ ಶಕ್ತಿ ಇದೆ ಅಂತ ಸಭೆಗಳಲ್ಲಿ ಜೋರಾಗಿ ಹೇಳುತ್ತೇವಲ್ಲ, ಇಲ್ಲಿ ಅದರ ಕೆಲಸ ಬಹಳ ಸಣ್ಣದು: ಮುರಿಯುವ ಗಳಿಗೆಯಲ್ಲಿ ಮುರಿಯದ ಹಾಗೆ ನಿಲ್ಲಿಸುವುದು. ಕಷ್ಟ ಬರದ ಹಾಗೆ ಮಾಡುವುದಲ್ಲ. ಶಿಲುಬೆ ತಪ್ಪಲಿಲ್ಲ ತಾನೇ?

ಅಕ್ಕಪಕ್ಕದ ಭಾಷೆಗಳನ್ನು ನೋಡಿದೆ. ತಮಿಳಿನಲ್ಲಿ ‘ಸೋದನೈ’, ತೆಲುಗಿನಲ್ಲಿ ‘ಶೋಧನ’. ನಮ್ಮದೇ ದಾರಿ. ಮಲಯಾಳಂ ಪ್ರಾಟೆಸ್ಟಂಟ್ ಬೈಬಲ್‌ನಲ್ಲಿ ನೇರವಾಗಿ ‘ಪರೀಕ್ಷ’. ಅಲ್ಲಿನ ಕಥೋಲಿಕರು ಜಪಿಸುವ ಪಾಠದಲ್ಲಿ ಮಾತ್ರ ‘ಪ್ರಲೋಭನಂ’. ಅಂದರೆ ನಮ್ಮ ಹುಡುಗರು ಹಾಕಿದ್ದು ತೀರಾ ಹೊಸದೇನಲ್ಲ, ಅವರಿಗೆ ಅದು ಗೊತ್ತಿಲ್ಲ ಅಷ್ಟೇ. ‘ಪರೀಕ್ಷೆ’ ನಮಗೂ ಆಗಬಹುದಿತ್ತು, ಆದರೆ ಮಕ್ಕಳ ಪುಸ್ತಕದಲ್ಲಿ ‘ನಮ್ಮನ್ನು ಪರೀಕ್ಷೆಯೊಳಗೆ ಸೇರಿಸಬೇಡ’ ಅಂತ ಹಾಕಿದರೆ ಮಾರ್ಚ್ ತಿಂಗಳಲ್ಲಿ ಅದನ್ನು ಎಷ್ಟು ಭಕ್ತಿಯಿಂದ ಹೇಳುತ್ತಾರೋ ನೋಡಬೇಕು!

ನನ್ನ ತಕರಾರು ನಿಜವಾಗಿ ನಾಮಪದದ ಮೇಲಲ್ಲ, ಕ್ರಿಯಾಪದದ ಮೇಲೆ. ‘ಸೇರಿಸದೆ’. ದೇವರೇ ಕೈಹಿಡಿದು ಶೋಧನೆಯೊಳಗೆ ಸೇರಿಸುತ್ತಾನಾ? ಬೈಬಲಿನ ಯಾಕೋಬನ ಪತ್ರದ ಮೊದಲ ಅಧ್ಯಾಯವೇ ದೇವರು ಯಾರನ್ನೂ ಪಾಪಕ್ಕೆ ಪ್ರೇರಿಸುವುದಿಲ್ಲ ಅನ್ನುತ್ತದೆ. ಈ ಗಲಾಟೆ ನಮ್ಮಲ್ಲಿ ಮಾತ್ರ ಇಲ್ಲ. ಫ್ರಾನ್ಸಿನ ಕಥೋಲಿಕ ಸಭೆ 2017ರ ಡಿಸೆಂಬರಿನಿಂದ ಈ ಸಾಲನ್ನು ‘ಶೋಧನೆಯೊಳಗೆ ಹೋಗಲು ನಮ್ಮನ್ನು ಬಿಡಬೇಡ’ ಅನ್ನುವ ಅರ್ಥಕ್ಕೆ ಬದಲಿಸಿತು. ಅದೇ ತಿಂಗಳು ಪೋಪ್ ಫ್ರಾನ್ಸಿಸ್ ಕೂಡ ಹಳೆಯ ಅನುವಾದ ಒಳ್ಳೆಯದಲ್ಲ, ನಮ್ಮನ್ನು ಬೀಳಿಸುವವನು ತಂದೆಯಲ್ಲ ಅನ್ನುವ ಹಾಗೆ ಮಾತಾಡಿದರು. ಇಟಲಿಯಲ್ಲಿ 2020ರಿಂದ ‘ಶೋಧನೆಯ ಕೈಗೆ ನಮ್ಮನ್ನು ಬಿಟ್ಟುಕೊಡಬೇಡ’ ಅನ್ನುವ ಪಾಠ ಬಂತು. ಇದೆಲ್ಲ ದೊಡ್ಡ ಸುದ್ದಿಯಾಯಿತು. ಆದರೆ ನಮ್ಮ ಕರಾವಳಿಯ ಕೊಂಕಣಿ ಕಥೋಲಿಕರು ತಲೆತಲಾಂತರದಿಂದ ‘ತಾಳ್ಣೆಂತ್’ (ಶೋಧನೆಯಲ್ಲಿ) ಬೀಳಲು ಬಿಡಬೇಡ ಅಂತಲೇ ಹೇಳಿಕೊಂಡು ಬಂದಿದ್ದಾರೆ. ಪೋರ್ಚುಗೀಸ್ ಪಾಠವೂ ‘ಬೀಳಲು ಬಿಡಬೇಡ’ ಅಂತಲೇ ಇದೆ, ಬಹುಶಃ ಅಲ್ಲಿಂದ ಬಂದದ್ದು.

ಇನ್ನೊಂದು ಕಡೆ, ಗ್ರೀಕಿನ ಕ್ರಿಯಾಪದಕ್ಕೆ ‘ಒಳಕ್ಕೆ ತರು’ ಅನ್ನುವುದೇ ನೇರ ಅರ್ಥ. ಆ ಲೆಕ್ಕದಲ್ಲಿ ‘ಸೇರಿಸದೆ’ ಪ್ರಾಮಾಣಿಕ ಅನುವಾದ. ಮೆತ್ತಗೆ ಮಾಡಿದವರು ಅರ್ಥ ಹೇಳಿದರು, ನಮ್ಮವರು ಪದ ಹೇಳಿದರು ಅನ್ನಬಹುದು.

ನಮ್ಮ ಸಭೆಯಲ್ಲೊಬ್ಬರು ಅಜ್ಜಿ ಇದ್ದಾರೆ. ಮಂಡಿ ನೋವು, ನೆಲದ ಮೇಲೆ ಕೂರಲಾಗುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಾರೆ. ಪುಸ್ತಕದ ಸಾಲು ಬಾಯಿಪಾಠ ಬರುತ್ತದೆ, ಎಲ್ಲರ ಜೊತೆ ‘ಸೇರಿಸದೆ’ ಅಂತಲೇ ಹೇಳುತ್ತಾರೆ. ಸ್ವಂತ ಪ್ರಾರ್ಥನೆಗೆ ಬಂದಾಗ ಮಾತ್ರ, “ಶೋಧನೆ ಕೈಗೆ ನನ್ನನ್ನ ಒಪ್ಪಿಸಬೇಡಪ್ಪಾ ತಂದೆ” ಅನ್ನುತ್ತಾರೆ. ಮಂಡಿ ನೋವು ವಾಸಿ ಮಾಡು ಅಂತ ಕೇಳಿದ್ದನ್ನು ನಾನು ಕೇಳಿಲ್ಲ. ಇಟಲಿಯ ಬಿಷಪ್‌ಗಳು ಮುಟ್ಟಿದ ಅರ್ಥವನ್ನು ಈಕೆ ಯಾರನ್ನೂ ಕೇಳದೆ ಮುಟ್ಟಿದ್ದಾರಲ್ಲ ಅನ್ನಿಸಿತು.

ಇನ್ನೂ ಒಂದು ತೊಡಕು. ಬೈಬಲಿನ 139ನೇ ಕೀರ್ತನೆಯ ಕೊನೆಗೆ ಕೀರ್ತನೆಗಾರ ನನ್ನನ್ನು ಶೋಧಿಸು, ನನ್ನ ಆಲೋಚನೆಗಳನ್ನು ತಿಳಿದುಕೋ ಅಂತ ದೇವರನ್ನೇ ಕರೆಯುತ್ತಾನೆ. ಹಾಗಾದರೆ ಒಂದು ಪ್ರಾರ್ಥನೆಯಲ್ಲಿ ಶೋಧಿಸು, ಇನ್ನೊಂದರಲ್ಲಿ ಶೋಧನೆ ಬೇಡ! ಹೀಬ್ರೂವಿನಲ್ಲಿ ಅಲ್ಲಿರುವುದು ಲೋಹವನ್ನು ಪುಟಕ್ಕಿಟ್ಟು ನೋಡುವುದಕ್ಕೂ ಬಳಕೆಯಾಗುವ ಬೇರೆ ಮಾತು. ಕನ್ನಡದಲ್ಲಿ ಎರಡೂ ಬಂದು ಒಂದೇ ಕಡೆ ಕೂತಿವೆ. ಎರಡನ್ನೂ ದಿನಾ ಓದುವ ಭಕ್ತರಿಗೆ ಇದು ತೊಂದರೆ ಅನ್ನಿಸಿದ್ದೇ ಇಲ್ಲ. ಶೋಧಿಸುವವನು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ ಅವರಿಗೆ ಗೊತ್ತು.

ಹಾಗಾಗಿ ‘ಶೋಧನೆ’ ಉಳಿಸಿ, ಕೆಳಗೆ ಮಕ್ಕಳಿಗೆ ಎರಡು ಸಾಲಿನ ವಿವರಣೆ ಕೊಡೋಣ ಅನ್ನುವ ಕಡೆ ನಾನಿದ್ದೇನೆ. ‘ಸೇರಿಸದೆ’ಯನ್ನು ಏನು ಮಾಡುವುದು? ‘ಒಳಗಾಗಲು ಬಿಡದೆ’ ಅಂದರೆ ಅರ್ಥ ಸರಿ, ಆದರೆ ಐವತ್ತು ಮಕ್ಕಳು ಒಟ್ಟಿಗೆ ಹೇಳುವಾಗ ನಾಲಿಗೆ ತೊಡರುತ್ತದೆ. ‘ಒಪ್ಪಿಸದೆ’ ಸಲೀಸು. ಯಾರ ಹತ್ತಿರವಾದರೂ 1831ರ ಬಳ್ಳಾರಿ ಬೈಬಲ್ ಅಥವಾ ಬಾಸೆಲ್ ಮಿಶನ್ನಿನ ಹಳೆಯ ಪ್ರಾರ್ಥನಾ ಪುಸ್ತಕ ಇದ್ದರೆ ಈ ಸಾಲು ಹೇಗಿದೆ ಅಂತ ದಯವಿಟ್ಟು ಬರೆಯಿರಿ. ಮೈಸೂರು, ಶಿವಮೊಗ್ಗ ಕಡೆಯ ಕಥೋಲಿಕ ಮನೆಗಳಲ್ಲಿ ಹಿರಿಯರು ಏನಂತ ಹೇಳುತ್ತಾರೆ ಅನ್ನುವುದೂ ಬೇಕು. ಕರಡು ಈ ವಾರ ಪ್ರೆಸ್ಸಿಗೆ ಹೋಗಬೇಕು, ಸ್ವಲ್ಪ ಬೇಗ ತಿಳಿಸಿದರೆ ಉಪಕಾರ.