‘ದೇವರಿಗೆ ನಾನು ಬೇಡವೇ?’: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ತಾಯಿಯೊಬ್ಬರು ತಮ್ಮ ಅಳಲು ತೋಡಿಕೊಂಡಿದ್ದರು. ಅವರ ಹತ್ತು ವರ್ಷದ ಮಗಳು ಚರ್ಚಿನ ಬೇಸಿಗೆ ಶಿಬಿರಕ್ಕೆ ಹೋಗಿದ್ದಳು. ಕೊನೆಯ ರಾತ್ರಿ, ಯೇಸುವನ್ನು ಹೃದಯಕ್ಕೆ ಬರಮಾಡಿಕೊಳ್ಳುವವರು ಕೈ ಎತ್ತಿ ಎಂದಾಗ ಜೊತೆಯ ಮಕ್ಕಳೆಲ್ಲ ಅಳುತ್ತ ಕೈ ಎತ್ತಿದರು. ಇವಳಿಗೆ ಏನೂ ಅನ್ನಿಸಲಿಲ್ಲ, ಕೈ ಎತ್ತಲಿಲ್ಲ. ‘ದೇವರಿಗೆ ನಾನು ಬೇಡವೇ?’ ಎನ್ನುವ ಮಗಳು ಈಗ ಮನೆಯ ಪ್ರಾರ್ಥನೆಗೂ ಕೂರುತ್ತಿಲ್ಲ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಅಮ್ಮಾ, ಮೊದಲು ನಿಮ್ಮ ಮಗಳನ್ನು ಮೆಚ್ಚಿಕೊಳ್ಳಿ. ಇಡೀ ಗುಂಪು ಕೈ ಎತ್ತಿದಾಗ ತನ್ನ ಮನಸ್ಸಿನಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸದಿರಲು ಹತ್ತು ವರ್ಷದವಳಿಗೆ ಎಷ್ಟು ಧೈರ್ಯ ಬೇಕು! ನಾನು ಬಹಳ ಕಾಲದಿಂದ ಶಿಬಿರಗಳಲ್ಲಿ ಪಾಠ ಹೇಳುತ್ತಿದ್ದೇನೆ. ಕೊನೆಯ ರಾತ್ರಿ ಹಾಡು, ಬೆಂಕಿಯ ಬೆಳಕು, ನಿದ್ದೆಗೆಟ್ಟ ದೇಹ, ಮರುದಿನ ಗೆಳೆಯರನ್ನು ಅಗಲುವ ಸಂಕಟ ಎಲ್ಲವೂ ಒಟ್ಟಿಗೆ ಸೇರುತ್ತವೆ. ಒಬ್ಬರು ಅತ್ತರೆ ಸಾಲಿಗೆ ಸಾಲೇ ಅಳುತ್ತದೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನೇ ನಂಬಿಕೆಯ ಅಳತೆಗೋಲು ಮಾಡಬಾರದು.

ಅವಳಿಗೆ ಬೈಬಲಿನಿಂದ ಪ್ರವಾದಿ ಎಲೀಯನ ಕಥೆ ಓದಿಸಿ: ಒಂದನೆಯ ಅರಸುಗಳು, 19ನೆಯ ಅಧ್ಯಾಯ. ಬಿರುಗಾಳಿ ಬಂತು, ಅದರಲ್ಲಿ ದೇವರಿರಲಿಲ್ಲ. ಭೂಕಂಪದಲ್ಲೂ ಇರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಆಮೇಲೆ ಒಂದು ಮೆಲುದನಿ ಕೇಳಿಸಿತು. ಜೊತೆಗೆ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯ. ಶಿಷ್ಯರು ಗದರಿಸಿದರೂ ಯೇಸು ಮಕ್ಕಳನ್ನು ಹತ್ತಿರ ಕರೆದು, ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದ. ಅದಕ್ಕೂ ಮುಂಚೆ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದನೆಂದು ಅಲ್ಲಿ ಬರೆದಿಲ್ಲ. ‘ನೀನು ಕೈ ಎತ್ತುವ ಮೊದಲೇ ಅವನು ನಿನ್ನನ್ನು ಎತ್ತಿಕೊಂಡಿದ್ದಾನೆ’ ಎಂದು ಹೇಳಿ. ಇದನ್ನು ಸಮಾಧಾನದ ಮಾತೆಂದು ಬರೆಯುತ್ತಿಲ್ಲ. ನಾನು ನಂಬಿರುವುದೇ ಇದು.
– ಶಿಬಿರದ ಶಿಕ್ಷಕಿ

*

ಶಿಬಿರ ನಡೆಸುವವರೊಂದಿಗೆ ನೀವು ಮಾತನಾಡಲೇಬೇಕು. ಜಗಳಕ್ಕಲ್ಲ, ಕೈ ಎತ್ತದ ಮಕ್ಕಳ ಬಳಿ ಆ ರಾತ್ರಿ ಯಾರು ಕುಳಿತಿದ್ದರು ಎಂದು ಕೇಳಲಿಕ್ಕೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿ ಮಗುವಿನ ಆಲೋಚನೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಗೌರವಿಸಬೇಕು ಎನ್ನುತ್ತದೆ. ಮಗು ಬೆಳೆದಂತೆ ಅದಕ್ಕೆ ಒಪ್ಪುವ ರೀತಿಯಲ್ಲಿ ದಾರಿ ತೋರುವ ಹಕ್ಕನ್ನೂ ಹೊಣೆಯನ್ನೂ ತಂದೆತಾಯಿಗೆ ಕೊಡುತ್ತದೆ. ಎಲ್ಲರೆದುರು ಕೈ ಎತ್ತಿಸುವ ಬದಲು, ಬೇಕೆನಿಸಿದ ಮಗು ಮರುದಿನ ತಾನಾಗಿ ಬಂದು ಮಾತನಾಡುವಂತೆ ಮಾಡಿದರೆ ಏನು ನಷ್ಟ?
– ಇಬ್ಬರು ಮಕ್ಕಳ ತಂದೆ

*

ಮೇಲಿನಂತೆ ಯೋಚಿಸುವವರು ಶಿಬಿರವೇ ಬೇಡ ಎನ್ನುವ ತೀರ್ಮಾನಕ್ಕೆ ಬಾರದಿರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನನ್ನ ಮಗ ತಾತನ ಸಾವಿನ ಬಗ್ಗೆ ಮನೆಯಲ್ಲಿ ಬಾಯಿಬಿಡಲೇ ಇಲ್ಲ. ಶಿಬಿರದಲ್ಲಿ, ಸತ್ತ ಲಾಜರನನ್ನು ಯೇಸು ಎಬ್ಬಿಸಿದ ಕಥೆ ಕೇಳಿ, ‘ನಮ್ಮ ತಾತನನ್ನು ಏಕೆ ಎಬ್ಬಿಸಲಿಲ್ಲ?’ ಎಂದು ಕೇಳಿದನಂತೆ. ಆ ಯುವ ಶಿಕ್ಷಕ ಉತ್ತರ ಹೇಳಲು ಹೊರಡದೆ, ಲಾಜರನ ಸಮಾಧಿಯ ಹತ್ತಿರ ಯೇಸುವೂ ಅತ್ತನೆಂದು ಓದಿ ತೋರಿಸಿ, ಅವನ ಜೊತೆ ಕುಳಿತನಂತೆ. ಮನೆಯಲ್ಲಿ ಹೊರಬಾರದ ಪ್ರಶ್ನೆ ಅಲ್ಲಿ ಹೊರಬಂತು. ನಿಮ್ಮ ಮಗಳಿಗೂ ಆಗಿರುವುದು ಅದೇ ಅಲ್ಲವೇ?
– ಗೃಹಿಣಿ

*

ಪ್ರಾರ್ಥನೆಗೆ ಕೂರು ಎಂದು ಬಲವಂತ ಮಾಡಬೇಡಿ. ಬೈಬಲಿನ 13ನೆಯ ಕೀರ್ತನೆಯನ್ನು ಒಮ್ಮೆ ಅವಳ ಜೊತೆ ಓದಿ, ಬರೀ ಆರು ವಚನ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತ ಅದು ಶುರುವಾಗುತ್ತದೆ. ಅವಳ ಪ್ರಶ್ನೆ ಬೈಬಲಿನಲ್ಲೇ ಇದೆ ಎಂದು ಅವಳಿಗೆ ತಿಳಿಯಲಿ. ಮುಂದಿನ ಬೇಸಿಗೆಯಲ್ಲಿ ಶಿಬಿರಕ್ಕೆ ಹೋಗುವುದೋ ಬಿಡುವುದೋ, ಅದನ್ನು ಅವಳೇ ಹೇಳಲಿ.
– ಒಬ್ಬ ಅಜ್ಜಿ