ಮೆಟಲ್, ಜಾಝ್ ಎಲ್ಲ ದಾಟಿ ಬಂದವನಿಗೆ ಖಯಾಲ್ ಯಾಕೆ ಹತ್ತುತ್ತಿಲ್ಲ?

ಬಸವನಗುಡಿ ಗಿಟಾರ್:
ಕಾಲೇಜಿನಲ್ಲಿದ್ದಾಗ ಮೆಟಲ್ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅಪ್ಪನ ಕ್ಯಾಸೆಟ್‌ಗಳಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡುತ್ತಲೇ ಇರುತ್ತಿದ್ದರು, ಹಾಗಾಗಿ ಭಾವಗೀತೆ ತಾನಾಗೇ ಕಿವಿಯಲ್ಲಿ ಕೂತಿದೆ. ಆಮೇಲೆ ಬ್ಲೂಸ್, ಅದನ್ನು ಹಿಡಿದುಕೊಂಡು ಜಾಝ್. ಈಗ ಭೀಮಸೇನ ಜೋಶಿಯವರ ದಾಸರ ಪದಗಳು ತುಂಬಾ ಹಿಡಿಸಿವೆ. ಆದರೆ ಅವರದೇ ಖಯಾಲ್ (ಹಿಂದೂಸ್ತಾನಿಯಲ್ಲಿ ರಾಗವನ್ನು ವಿಸ್ತಾರವಾಗಿ ಹಾಡೋ ಪ್ರಕಾರ) ಹಾಕಿದರೆ ಮೊದಲ ಕಾಲು ಗಂಟೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಹಾಡುವವರು ಅವರೇ, ಗಂಟಲೂ ಅದೇ, ಅಲ್ವಾ? ರಾಗಗಳ ಬಗ್ಗೆ ಓದಿಕೊಂಡು ಆಮೇಲೆ ಕೇಳಬೇಕಾ, ಇಲ್ಲ ಸುಮ್ನೆ ಕೇಳುತ್ತಾ ಹೋಗಬೇಕಾ?

ಸಾಧನಕೇರಿ:
ಏನೂ ನಡೆಯುತ್ತಿಲ್ಲ ಅನ್ನಿಸೋದಕ್ಕೆ ಕಾರಣ ಲಯ ನೋಡ್ರಿ. ವಿಲಂಬಿತ (ನಿಧಾನ ಲಯದ) ಏಕತಾಲಕ್ಕೆ 12 ಮಾತ್ರೆ, ಅಂದರೆ ಬೀಟ್, ಆದರೆ ಒಂದೊಂದನ್ನೂ ಎಷ್ಟು ಎಳೆದಿರುತ್ತಾರೆ ಅಂದರೆ ಒಂದು ಆವರ್ತನ (ತಾಳದ ಒಂದು ಸುತ್ತು) ಮುಗಿಯಲು ಮುಕ್ಕಾಲು ನಿಮಿಷ, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತದೆ. ನಾಲ್ಕು ಬೀಟ್ ಎಣಿಸಿ ರೂಢಿಯಾದ ಕಿವಿಗೆ ಅಲ್ಲಿ ತಾಳವೇ ಸಿಗುವುದಿಲ್ಲ. ಸದ್ಯಕ್ಕೆ ರಾಗ ಬಿಡಿ. ತಬಲಾ ಕೇಳುತ್ತಾ, ಗಾಯಕರು ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಹೇಗೆ ಬಂದು ಸೇರುತ್ತಾರೆ ಅನ್ನೋದನ್ನಷ್ಟೇ ಗಮನಿಸಿ.

ಭೀಮಸೇನರದು ಕಿರಾಣಾ ಘರಾಣೆ (ಗಾಯನ ಪರಂಪರೆ), ಒಂದೊಂದೇ ಸ್ವರ ಹಿಡಿದು ನಿಧಾನಕ್ಕೆ ಬೆಳೆಸುವ ದಾರಿ. ನೀವು ಮೊದಲು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳ್ರಿ. ಜೈಪುರ-ಅತ್ರೌಲಿ ಘರಾಣೆಯ ಗಾಯನ ಶೈಲಿ. ಆಲಾಪ (ನಿಧಾನದ ರಾಗ ವಿಸ್ತಾರ) ಬೆಳೆಸುತ್ತಾ ಕೂರದೆ ಬೇಗ ಬಂದಿಶ್‌ಗೆ (ಸಾಹಿತ್ಯವಿರುವ ರಚನೆಗೆ) ಬರುತ್ತಾರೆ, ಲಯವೂ ಚುರುಕು, ಒಂದು ತಾನ್ (ವೇಗದ ಸ್ವರಗಳ ಓಟ) ಮುಗೀತು ಅಂದುಕೊಳ್ಳುವಷ್ಟರಲ್ಲಿ ಅದು ಹೊರಳಿ ಇನ್ನೆಲ್ಲೋ ಹೋಗಿ ಸಮ್‌ಗೆ ಬಂದು ಬೀಳುತ್ತದೆ. ಜಾಝ್ ಕೇಳಿದವರಿಗೆ ಇದು ಹತ್ತದೇ ಇರುವುದಿಲ್ಲ ಅಂತ ನನ್ನ ನಂಬಿಕೆ.

ಹಾಗೇ ಅಬ್ದುಲ್ ಕರೀಂ ಖಾನರ ಹಳೆಯ 78 ಆರ್‌ಪಿಎಂ ರೆಕಾರ್ಡಿಂಗ್‌ಗಳನ್ನೂ ಹುಡುಕಿ. ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಯುತ್ತಿತ್ತು, ಅಷ್ಟರೊಳಗೇ ರಾಗ ಕಟ್ಟಿಕೊಡುತ್ತಾರೆ. ಭೀಮಸೇನರ ಗುರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಅವರ ಗುರುಗಳು ಈ ಖಾನ್ ಸಾಹೇಬರು.

ನೀಲಿ ಸ್ವರ:
ನಿಮ್ಮ ಜಾಝ್ ಕಿವಿಯನ್ನೇ ಬಳಸಿಕೊಳ್ಳಿ. ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ ಮೋಡಲ್ ಜಾಝ್ (ಮೋಡ್, ಅಂದರೆ ಒಂದು ಸ್ವರಗುಂಪು, ಹಿಡಿದು ನುಡಿಸೋ ಜಾಝ್) ಆಲ್ಬಂ ‘ಕೈಂಡ್ ಆಫ್ ಬ್ಲೂ’ ನೀವು ಕೇಳಿಯೇ ಇರುತ್ತೀರಿ. ಅದರ ಮೊದಲ ಟ್ರ್ಯಾಕ್‌ನಲ್ಲಿ ಕಾರ್ಡ್‌ಗಳು ಪಟಪಟ ಬದಲಾಗುವುದಿಲ್ಲ, 16 ಬಾರ್ ಪೂರ್ತಿ ಒಂದೇ ಡೋರಿಯನ್ ಮೋಡ್. ಆ ಮೋಡ್‌ನ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದವೇ, ಹಿಂದೂಸ್ತಾನಿಯಲ್ಲಾದರೆ ಕಾಫಿ ಥಾಟ್ (ರಾಗಗಳ ಮೂಲ ಸ್ವರಗುಂಪು). ಅಷ್ಟು ಹೊತ್ತು ಒಂದೇ ಕಡೆ ನಿಂತು ಏನು ಮಾಡುತ್ತಾರೆ ಅಂತ ಕೇಳೋ ಅಭ್ಯಾಸ ನಿಮಗೆ ಆಗಲೇ ಇದೆ. ಅಲ್ಲಿ ಸ್ಯಾಕ್ಸ್ ನುಡಿಸಿದ ಜಾನ್ ಕೋಲ್ಟ್ರೇನ್‌ಗೆ ಮುಂದೆ ನಮ್ಮ ಸಂಗೀತದ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ ಸಿತಾರ್ ವಾದಕ ರವಿಶಂಕರ್ ಹೆಸರನ್ನು ಮಗನಿಗೇ ಇಟ್ಟರು.

ಆದರೆ ರಾಗ ಅಂದರೆ ಬರೀ ಸ್ಕೇಲ್ ಅಲ್ಲ. ಭೂಪಾಲಿಗೂ ದೇಶಕಾರಕ್ಕೂ ಅವೇ ಐದು ಸ್ವರ. ಭೂಪಾಲಿಯಲ್ಲಿ ಗಾಂಧಾರಕ್ಕೆ (ಗ) ಒತ್ತು, ಹಾಡೋದು ರಾತ್ರಿಯ ಮೊದಲ ಹೊತ್ತಿಗೆ. ದೇಶಕಾರದಲ್ಲಿ ಧೈವತದ್ದೇ (ದ) ಕಾರುಬಾರು, ಅದು ಬೆಳಗಿನ ರಾಗ. ಗಿಟಾರ್ ಇದೆಯಲ್ಲ, ಆ ಐದೇ ಸ್ವರ ಹಿಡಿದು ಎರಡನ್ನೂ ನುಡಿಸಿ ನೋಡಿ.

ಒಂಟಿಕೊಪ್ಪಲು:
ನಾನು ಇದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಸ್ವರ, ಥಾಟ್ ಅಂತ ಮೊದಲೇ ಹೊರಟರೆ ಕೇಳೋದು ಬಿಟ್ಟು ಗುರುತು ಹಿಡಿಯೋ ಕೆಲಸ ಶುರುವಾಗುತ್ತದೆ. ಕಛೇರಿಗೆ ಹೋಗಿ ಕೂತುಕೊಳ್ಳಿ. ನೀವು ಬಸವನಗುಡಿಯವರು, ಪಕ್ಕದ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಕೊಂಡು ಬಂದಿದೆ. ಕರ್ನಾಟಕ ಸಂಗೀತ ಆದರೇನು, ಮೆಟಲ್ ಕೇಳಿದವರಿಗೆ ತನಿ ಆವರ್ತನ (ತಾಳವಾದ್ಯಗಳದ್ದೇ ಭಾಗ) ಸಾಕು. ಮೃದಂಗ, ಘಟ, ಖಂಜಿರ ಸರದಿಯಲ್ಲಿ ನುಡಿಸುತ್ತಾ, ಸರದಿ ಚಿಕ್ಕದಾಗುತ್ತಾ ಆಗುತ್ತಾ ಕೊನೆಗೆ ಎಲ್ಲರೂ ಒಟ್ಟಿಗೆ ಮೋರಾ, ಕೋರ್ವೆಗೆ (ಮುಕ್ತಾಯದ ಲಯ ವಿನ್ಯಾಸಗಳಿಗೆ) ಬರುವಾಗ ಸುತ್ತ ಕೂತವರ ಕೈಯೆಲ್ಲ ತಾಳ ಹಾಕುತ್ತಿರುತ್ತದೆ. ಅದನ್ನು ಇಯರ್‌ಫೋನ್‌ನಲ್ಲಿ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ.

ಮೆಟಲ್ ಬಿಡಬೇಡಿ, ದಯವಿಟ್ಟು. ಶಾಸ್ತ್ರೀಯಕ್ಕೆ ಬಂದ ಮೇಲೆ ಹಳೆಯದನ್ನು ಕೀಳಾಗಿ ಕಾಣುವವರನ್ನು ನೋಡಿ ನನಗೆ ಬೇಜಾರಾಗಿದೆ.

ಬಸವನಗುಡಿ ಗಿಟಾರ್:
ಎಲ್ಲರಿಗೂ ಥ್ಯಾಂಕ್ಸ್. ಮನ್ಸೂರರದ್ದು ನಿನ್ನೆ ರಾತ್ರಿ ಕೇಳಿದೆ, ಮುಗಿದ ಕೂಡಲೇ ಮತ್ತೆ ಮೊದಲಿಂದ ಹಾಕಿದೆ. ಭಾವಗೀತೆ, ಜನಪದದ ಕಡೆಯಿಂದ ಖಯಾಲ್‌ಗೆ ಬರೋ ದಾರಿ ಏನಾದರೂ ಇದೆಯಾ?

ಸಾಧನಕೇರಿ:
ಕುಮಾರ ಗಂಧರ್ವರು. ಬೆಳಗಾವಿ ಹತ್ತಿರದ ಸುಳೇಭಾವಿಯವರು, ಕ್ಷಯ ಬಂದು ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಮಾಳ್ವಾದ ಜನಪದ ಹಾಡುಗಳು ಅವರ ಕಿವಿಗೆ ಬಿದ್ದವು. ಮುಂದೆ ಅಂಥ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ಮೊದಲು ಅವರ ಕಬೀರ ಭಜನೆಗಳು, ಆಮೇಲೆ ಮಾಳ್ವಾದ ಹಾಡುಗಳು, ಕೊನೆಗೆ ಆ ರಾಗಗಳು. ಈ ಸರದಿಯಲ್ಲೇ ಕೇಳ್ರಿ. ದೊಡ್ಡ ಉಸಿರಿನ ಗಾಯನ ಅಲ್ಲ, ಚಿಕ್ಕ ಚಿಕ್ಕ ತುಣುಕುಗಳು, ನಡುನಡುವೆ ಮೌನ. ನಿಮಗೆ ಮೈಲ್ಸ್ ನೆನಪಾದರೂ ಆಗಬಹುದು.