ಹಳೆ ಜೋಡು ನಳಿಗೆ ಕೋವಿ: ನಳಿಗೆ ಉದ್ದ, ಫ್ರೇಮ್ ಅಳತೆ, ಬೆಲೆ (ಪ್ರಶ್ನೋತ್ತರ)

ಕಾರ್ಕಳ: ಅಣ್ಣಾ, ಅಜ್ಜನ ಕಾಲದ ಜೋಡು ನಳಿಗೆ ಕೋವಿ. 30 ಇಂಚು. ಎಷ್ಟು ಸಿಗಬಹುದು?

ಕೋವಿ ರಿಪೇರಿ, ಮಂಗಳೂರು: ಕಂಪನಿ, ಬೋರ್ (ನಳಿಗೆಯ ಒಳಗಿನ ಅಗಲ), ತೂಕ, ನಳಿಗೆ ಅಡಿಯ ಗುರುತು ಬೇಕು. ಬರೀ ಉದ್ದ ನೋಡಿ ಬೆಲೆ ಹೇಳಲಿಕ್ಕಾಗುವುದಿಲ್ಲ.

ಮೂಡಬಿದಿರೆ: ಫ್ರೇಮ್ ನಂಬರ್ ಸಣ್ಣದಾದಷ್ಟು ಬೆಲೆ ಜಾಸ್ತಿ ಅಂತ ವಿಡಿಯೋದಲ್ಲಿ ನೋಡಿದೆ. ನನ್ನದು ಇಂಗ್ಲೆಂಡಿನ ಕೋವಿ. ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ 2 ಅಂತ ಉಂಟು. ದೊಡ್ಡ ಫ್ರೇಮಾ?

ಕೋವಿ ರಿಪೇರಿ: ಅಲ್ಲ ಭಟ್ರೆ. ಆ ವಿಡಿಯೋ ಅಮೆರಿಕದ ಪಾರ್ಕರ್ ಕೋವಿಯದ್ದು. ಫ್ರೇಮ್ ಅಂದರೆ ನಳಿಗೆ ಕೂರುವ ಕಬ್ಬಿಣದ ಒಡಲು. ಅದರಲ್ಲಿ ಫ್ರೇಮ್ ನಂಬರ್ ನಳಿಗೆಯ ಅಡಿಯ ಕಬ್ಬಿಣದ ಉಬ್ಬಿನಲ್ಲಿರುತ್ತದೆ. ತೋಟೆಗೆ ಹೊಡೆಯುವ ಎರಡು ಪಿನ್ನುಗಳ ನಡುವಿನ ದೂರ 0 ನಂಬರಿಗೆ 1 ಇಂಚು, 2 ನಂಬರಿಗೆ 1⅛ ಇಂಚು. ಸಣ್ಣ ಫ್ರೇಮಿನ ಮೇಲೆ ಉದ್ದ ನಳಿಗೆ ಅಪರೂಪ, ಅದಕ್ಕೇ ಬೆಲೆ. ದಪ್ಪ ಫ್ರೇಮಿನ 12 ಬೋರಿಗೆ 30 ಇಂಚು ಮಾಮೂಲಿ. ಇಂಗ್ಲೆಂಡಿನವರು ಹೀಗೆ ಫ್ರೇಮ್ ನಂಬರ್ ಹಾಕುತ್ತಿರಲಿಲ್ಲ, ಅಲ್ಲಿ ತೂಕ ನೋಡಬೇಕು. ಪಟ್ಟಿಯ ಮೇಲಿನ 2 ಅಂದರೆ ಸಾಮಾನ್ಯವಾಗಿ ಜೋಡಿ ಕೋವಿಯಲ್ಲಿ ಎರಡನೆಯದು. 1 ನಂಬರಿನದ್ದು ನಿಮ್ಮ ಕುಟುಂಬದಲ್ಲಿ ಯಾರ ಹತ್ತಿರವಾದರೂ ಉಂಟಾ, ವಿಚಾರಿಸಿ. ಎರಡೂ ಒಟ್ಟಿಗೆ ಇದ್ದರೆ ಬೆಲೆಯ ಮಾತೇ ಬೇರೆ.

ಸುಳ್ಯ: ನನ್ನದು 28 ಇಂಚು. ಎಷ್ಟು ಸಿಗಬಹುದು?

ಕೋವಿ ರಿಪೇರಿ: ಮೇಲೆ ಹೇಳಿದ್ದೇನೆ.

ಹೆಬ್ರಿ: ಅಜ್ಜನ ಕೋವಿ, ಈಗ ತಮ್ಮನ ಲೈಸೆನ್ಸಿನಲ್ಲಿದೆ. ನಳಿಗೆ 26 ಇಂಚು. ಗಿಡ್ಡ ಅಂತ ಹೇಳಿ ಒಬ್ಬರು ತುಂಬಾ ಕಡಿಮೆಗೆ ಕೇಳುತ್ತಿದ್ದಾರೆ. ಬಾಯಿಯ ಹತ್ತಿರ ಎರಡು ನಳಿಗೆಯ ನಡುವೆ ಸಂದು ಉಂಟು, ಸೀಸ ತುಂಬಿಸಿದ ಹಾಗೆ ಕಾಣುತ್ತದೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ "ನಾಟ್ ಫಾರ್ ಬಾಲ್" ಅಂತ ಇದೆ. ತಮ್ಮ ಹಂದಿ ಓಡಿಸಲಿಕ್ಕೆ ಆಗಾಗ ಹೊಡೆಯುತ್ತಾನೆ.

ಕೋವಿ ರಿಪೇರಿ: ಅಕ್ಕಾ, ಬೆಲೆ ಆಮೇಲೆ. ಮೊದಲು ತಮ್ಮನಿಗೆ ಫೋನ್ ಮಾಡಿ, ಈ ಕೋವಿಯಲ್ಲಿ ಇನ್ನು ಒಂದು ತೋಟೆಯೂ ಹಾಕುವುದು ಬೇಡ ಅಂತ ಹೇಳಿ.

"ನಾಟ್ ಫಾರ್ ಬಾಲ್" ಅಂದರೆ ಒಂಟಿ ಗುಂಡು ಹೊಡೆಯಬಾರದು ಅಂತ. ಆ ಗುರುತನ್ನು ಇಂಗ್ಲೆಂಡಿನಲ್ಲಿ ಕೋವಿ ಪರೀಕ್ಷಿಸಿ ಮುದ್ರೆ ಹಾಕುವ ಮನೆಗಳಲ್ಲಿ 1875ರಿಂದ 1887ರವರೆಗೆ ಚೋಕ್ ಇರುವ ನಳಿಗೆಗೆ ಹಾಕುತ್ತಿದ್ದರು. ಚೋಕ್ ಅಂದರೆ ಬಾಯಿಯ ಹತ್ತಿರದ ಬಿಗಿ. ಅದು ಕಪ್ಪು ಮದ್ದಿನ ಕಾಲ. ಈಗಿನ ಹೊಗೆ ಇಲ್ಲದ ಮದ್ದಿಗೆ ಆಮೇಲೆ ಬೇರೆ ಪರೀಕ್ಷೆ ಮಾಡಿಸಿದ್ದರೆ ಅದರ ಗುರುತೂ ಇರಬೇಕು. ಆ ಕಾಲದ 12 ಬೋರಿನಲ್ಲಿ ತೋಟೆ ಕೂರುವ ಜಾಗ ಹೆಚ್ಚಾಗಿ ಎರಡೂವರೆ ಇಂಚು, ತೋಟೆಯ ಲೆಕ್ಕದಲ್ಲಿ 65 ಮಿಲಿಮೀಟರ್. 70 ಮಿಲಿಮೀಟರಿನ ತೋಟೆಯೂ ಒಳಗೆ ಹೋಗುತ್ತದೆ. ಮೋಸ ಹೋಗುವುದು ಅಲ್ಲೇ. ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ, ಒತ್ತಡ ಏರುತ್ತದೆ. ನಳಿಗೆ ಒಡೆದರೆ ಹೋಗುವುದು ಅದನ್ನು ಹಿಡಿದ ಎಡಗೈ.

ಈಗ ಸಂದಿನ ವಿಷಯ. ಜೋಡು ನಳಿಗೆ ಹಿಂದೆ ಅಗಲ, ಮುಂದೆ ಹೋದ ಹಾಗೆ ಹತ್ತಿರ. ತುದಿಯಲ್ಲಿ ಒಂದಕ್ಕೊಂದು ತಾಗಿರಬೇಕು. ತುದಿ ಕತ್ತರಿಸಿದರೆ ಸಂದು ಕಾಣುತ್ತದೆ, ಅದನ್ನು ಮುಚ್ಚಲಿಕ್ಕೆ ಸೀಸ. ತುದಿಯ ಜೊತೆ ಚೋಕೂ ಹೋಗಿದೆ. ಗಿಡ್ಡ ಆಗಿರುವುದಕ್ಕಲ್ಲ, ಕತ್ತರಿಸಿದ್ದಕ್ಕೆ ಬೆಲೆ ಇಳಿಯುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಚರ್ಚಿಲ್ ಎಂಬ ಕೋವಿ ಕಂಪನಿ ತಂದ ಒಂದು ಮಾದರಿ 25 ಇಂಚೇ, ಅದು ಹುಟ್ಟಿದ ಅಳತೆ. ಅದಕ್ಕೆ ಇವತ್ತಿಗೂ ಗಿರಾಕಿ ಉಂಟು.

ಬ್ರಹ್ಮಾವರ: ಚರ್ಚಿಲ್ ಇರಲಿ, ನಳಿಗೆ ಉದ್ದ ಇದ್ದರೆ ದೂರ ಹೊಡೆಯುತ್ತದೆ. ನಮ್ಮ 32 ಇಂಚಿನದ್ದು ಗುಡ್ಡದ ಆಚೆ ಮುಟ್ಟುತ್ತದೆ.

ಸುಳ್ಯ: ಎಂತದು ಮಾರಾಯ್ರೆ, ಈಗಿನ ಮದ್ದು ಅರ್ಧ ದಾರಿಯಲ್ಲೇ ಉರಿದು ಮುಗಿಯುತ್ತದೆ. ನಾಲ್ಕು ಇಂಚಿನಲ್ಲಿ ಅಂಥ ವ್ಯತ್ಯಾಸ ಇಲ್ಲ.

ಬ್ರಹ್ಮಾವರ: ನೀವು ಹೊಡೆದು ನೋಡಿದ್ದೀರಾ?

ಸುಳ್ಯ: ಮೂವತ್ತು ವರ್ಷದಿಂದ ತೋಟ ಕಾಯುತ್ತಿದ್ದೇನೆ. ನನಗೆ ಹೇಳಿಕೊಡಬೇಡಿ.

ಕುಂದಾಪುರ: ತೋಟ ಕಾಯುವುದು ಹೇಗೆ? ಎಲೆಕ್ಷನ್ ಬಂದರೆ ಕೋವಿ ಠಾಣೆಯಲ್ಲಿ. ಕಳೆದ ಸಲ ನನ್ನದು ವಾಪಸ್ ಬಂದಾಗ ಒಳಗೆಲ್ಲ ತುಕ್ಕು.

ಬ್ರಹ್ಮಾವರ: ಎಣ್ಣೆ ಹಚ್ಚಿ ಕೊಡದಿದ್ದರೆ ತುಕ್ಕು ಬರದೆ ಇರುತ್ತದಾ?

ಕುಂದಾಪುರ: ಹಚ್ಚಿಯೇ ಕೊಟ್ಟದ್ದು. ಸುಮ್ನೆ ಮಾತಾಡಬೇಡಿ.

ಬಂಟ್ವಾಳ: ನನ್ನದು ಬೆಲ್ಜಿಯಂ ಕೋವಿ, 16 ಬೋರ್, ಹ್ಯಾಮರ್ ಹೊರಗೆ. ತುಂಬಾ ಹಗುರ. ಫ್ರೇಮ್ ಸಣ್ಣದಿರಬಹುದಾ?

ಕಾಪು: ತುಕ್ಕಿಗೆ ಫಾರ್ವರ್ಡ್ ಬಂದದ್ದು: ಹುಣಸೆಹುಳಿ, ಉಪ್ಪು ಕಲಸಿ ಒಂದು ರಾತ್ರಿ ನಳಿಗೆಯಲ್ಲಿಡಿ, ಆಮೇಲೆ ಮರಳು ಕಾಗದದಲ್ಲಿ ಉಜ್ಜಿ. ತುದಿ ಹಾಳಾಗಿದ್ದರೆ ಎರಡು ಇಂಚು ಕತ್ತರಿಸಿ. ಹೊಸತರ ಹಾಗೆ ಆಗುತ್ತದೆ.

ಕೋವಿ ರಿಪೇರಿ: ದಯವಿಟ್ಟು ಇದನ್ನು ಅಳಿಸಿ. ಹುಳಿ ಹಾಕಿ ಉಜ್ಜಲಿಕ್ಕೆ ಇದು ಹಿತ್ತಾಳೆ ಚೆಂಬು ಅಲ್ಲ. ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಮರಳು ಕಾಗದ ನಳಿಗೆಯ ದಪ್ಪವನ್ನೇ ತೆಗೆಯುತ್ತದೆ, ಗುರುತುಗಳನ್ನೂ ಅಳಿಸುತ್ತದೆ. ದಪ್ಪ ಹೋದ ನಳಿಗೆಯನ್ನು ತಿರುಗಿ ದಪ್ಪ ಮಾಡಲಿಕ್ಕೆ ನನ್ನಿಂದಾಗುವುದಿಲ್ಲ. ಇನ್ನು ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಬ್ರಿಯ ಅಕ್ಕನ ಕೋವಿಗೆ ಏನಾಗಿದೆ ಅಂತ ಈಗಷ್ಟೇ ಬರೆದೆ, ಅದನ್ನಾದರೂ ಓದಿ.

ಕಾಪು: ಬಂದದ್ದನ್ನು ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಕೋವಿ ರಿಪೇರಿ: ಓದದೆ ಹಾಕಿದ್ದಕ್ಕೆ.

ಕಾರ್ಕಳ: ಅಣ್ಣಾ, 30 ಇಂಚಿನದ್ದಕ್ಕೆ ಅಂದಾಜಾದರೂ ಹೇಳಿ.

ಕೋವಿ ರಿಪೇರಿ: ಇಲ್ಲ. ಹೆಬ್ರಿಯ ಅಕ್ಕಾ, ತಮ್ಮನಿಗೆ ಫೋನ್ ಮಾಡಿದಿರಾ?

ಹೆಬ್ರಿ: ಮಾಡಿದೆ. ತೋಟೆ ಡಬ್ಬಿಯ ಮೇಲೆ 70 ಅಂತಲೇ ಉಂಟಂತೆ. ಭಾನುವಾರ ರಾತ್ರಿ ಎರಡು ಹೊಡೆದಿದ್ದಾನೆ. ಈಗ ನಳಿಗೆ ಕಳಚಿ ಇಟ್ಟಿದ್ದಾನೆ.

ಕೋವಿ ರಿಪೇರಿ: ಹಾಗೆಯೇ ಇರಲಿ. ಲೈಸೆನ್ಸ್ ಹಿಡಿದುಕೊಂಡು ಅವನೇ ತರಲಿ. ನಳಿಗೆಯ ದಪ್ಪ ಅಳೆದು ನೋಡಿ ಹೇಳುತ್ತೇನೆ, ಅದಕ್ಕೆ ದುಡ್ಡು ಬೇಡ.